ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಆರು ವಾರ ಇದೆ: ಈ ದಿನಗಳಲ್ಲಿ ಏನು ಮಾಡಲಿ?

ತೆಂಗಿನತೋಟ | ಜನವರಿ 6

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ತಿಪಟೂರಿನ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಮೊದಲ ಐದು ವರ್ಷ ಮೆಸಲಮೀನ್ ಮಾತ್ರೆಯಲ್ಲೇ ಕಳೆಯಿತು. ಆಮೇಲೆ ಅಜಥಯೋಪ್ರಿನ್ ಬಂತು, ಅದೂ ಸಾಲದೆ ಇನ್‌ಫ್ಲಿಕ್ಸಿಮ್ಯಾಬ್ ಬಂತು. ಗಣೇಶನ ಹಬ್ಬದಿಂದ ಈಚೆಗೆ ಯಾವುದೂ ಹಿಡಿತಕ್ಕೆ ಸಿಗುತ್ತಿಲ್ಲ. ದಿನಕ್ಕೆ ಎಂಟು ಹತ್ತು ಸಲ ರಕ್ತ ಬೆರೆತ ಭೇದಿ. ನಾಲ್ಕು ತಿಂಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನಡೆಯುತ್ತಿದೆ, ಈಗ 25 ಮಿಲಿಗ್ರಾಂ. 20ಕ್ಕೆ ಇಳಿಸಿದ ಕೂಡಲೇ ಮತ್ತೆ ಶುರು. 58 ಕೆಜಿ ಇದ್ದವಳು 47ಕ್ಕೆ ಬಂದಿದ್ದೇನೆ. ಹಿಮೋಗ್ಲೋಬಿನ್ 8.4.

ಬೆಂಗಳೂರಿನ ವೈದ್ಯರು ಮೊನ್ನೆ ಸ್ಪಷ್ಟವಾಗಿ ಹೇಳಿದರು: ದೊಡ್ಡ ಕರುಳನ್ನು ತೆಗೆಯಬೇಕು. ಮೂರು ಹಂತಗಳಲ್ಲಿ ಮಾಡುತ್ತಾರಂತೆ. ಮೊದಲು ಕರುಳನ್ನು ತೆಗೆದು ಹೊಟ್ಟೆಯ ಮೇಲೆ ಚೀಲ, ಎರಡನೆಯದರಲ್ಲಿ ಸಣ್ಣ ಕರುಳಿನಿಂದಲೇ ಒಳಗೊಂದು ಸಂಚಿ, ಮೂರನೆಯದರಲ್ಲಿ ಹೊರಗಿನ ಚೀಲ ಮುಚ್ಚುವುದು. ಫೆಬ್ರವರಿ 17ಕ್ಕೆ ದಿನ ಕೊಟ್ಟಿದ್ದಾರೆ.

ಲೆಕ್ಕದ ಮೇಷ್ಟರಾದವರಿಗೆ ಪ್ರಶ್ನೆಯನ್ನು ಬಿಡಿಸಿ ಬರೆಯುವ ಅಭ್ಯಾಸ. ಆದರೆ ವೈದ್ಯರ ಎದುರು ಕುಳಿತಾಗ ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಈ ಆರು ವಾರ ಸುಮ್ಮನೆ ಕಾಯಬೇಕೇ, ಏನಾದರೂ ಮಾಡಬೇಕೇ? ಮಾತ್ರೆಗಳನ್ನು ನಿಲ್ಲಿಸಬೇಕೇ? ಏನು ತಿನ್ನಲಿ? ಚೀಲ ಇಟ್ಟುಕೊಂಡು ಸೀರೆ ಉಡಬಹುದೇ? ಇನ್ನೊಂದನ್ನೂ ಕೇಳಿಬಿಡುತ್ತೇನೆ. ನಮ್ಮದು ಮಡಿ ಮೈಲಿಗೆ ನೋಡುವ ಮನೆ. ಅತ್ತೆಯವರು ಒಳ್ಳೆಯವರು, ಆದರೆ ಚೀಲದ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ದೇವರ ಮನೆಗೆ ಹೋಗಬಹುದೇ ಎಂಬುದನ್ನು ಯಾವ ವೈದ್ಯರನ್ನು ಕೇಳುವುದು?

ಹೇಮಾವತಿ ತೀರ | ಜನವರಿ 6

ತಂಗೀ, ಮೊದಲು ಸೀರೆಯ ವಿಷಯ ಹೇಳುತ್ತೇನೆ. ಅದು ಸಣ್ಣ ವಿಷಯವೆಂದು ಎಲ್ಲರೂ ಆಮೇಲೆ ನೋಡೋಣ ಎನ್ನುತ್ತಾರೆ. ನಾನು ಎರಡು ವರ್ಷ ಅದಕ್ಕೆ ಬೆಲೆ ತೆತ್ತಿದ್ದೇನೆ.

ನನಗೂ ನಿನ್ನದೇ ಕಾಯಿಲೆ. ನನ್ನ ಮೊದಲ ಶಸ್ತ್ರಚಿಕಿತ್ಸೆ ತುರ್ತಿನಲ್ಲಿ ಆಯಿತು. ಮಾಡಿಸಿಕೊಳ್ಳಿ ಎಂದು ಒಂದು ವರ್ಷದಿಂದ ಹೇಳುತ್ತಿದ್ದರು, ನಾನು ಮುಂದೂಡುತ್ತ ಹೋದೆ. ಕೊನೆಗೆ ಒಂದು ರಾತ್ರಿ ಜ್ವರ, ಹೊಟ್ಟೆ ಉಬ್ಬರ, ನಾಡಿ ಓಡುತ್ತಿತ್ತು. ಹಾಸನದಿಂದ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಕರುಳಿನ ತುದಿಯನ್ನು ಹೊರತಂದು ಚೀಲ ಅಂಟಿಸುವ ಬಾಯಿ, ಎಲ್ಲಿ ಬರಬೇಕೆಂದು ಗುರುತು ಹಾಕುವ ದಾದಿ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಎಚ್ಚರವಾದಾಗ ನೋಡಿದರೆ ಸ್ಟೋಮಾ ಸರಿಯಾಗಿ ಲಂಗದ ಲಾಡಿ ಬಿಗಿಯುವ ಗೆರೆಯ ಮೇಲೆಯೇ ಕುಳಿತಿತ್ತು. ಲಾಡಿ ಕಟ್ಟಿದರೆ ಚೀಲದ ಬಾಯಿ ಮುಚ್ಚಿ, ಬಂದದ್ದು ಕೆಳಗಿಳಿಯದೆ ಪಕ್ಕದಿಂದ ಸೋರುತ್ತಿತ್ತು. ಎರಡು ವರ್ಷ ಸೀರೆ ಉಡಲಿಲ್ಲ. ತಮ್ಮನ ಮದುವೆಗೆ ಸಡಿಲ ಚೂಡಿದಾರ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ.

ನಿನಗೆ ದಿನ ಗೊತ್ತಿದೆ. ಅದು ಎಷ್ಟು ದೊಡ್ಡ ಭಾಗ್ಯವೆಂದು ನನಗೆ ಗೊತ್ತು. ಸ್ಟೋಮಾ ದಾದಿಯನ್ನು ಮೊದಲೇ ಭೇಟಿ ಮಾಡಿಸಿ ಎಂದು ಕೇಳು, ಸಂಕೋಚ ಪಡಬೇಡ. ಶಾಲೆಗೆ ಉಡುವ ಸೀರೆಯನ್ನೇ ಉಟ್ಟುಕೊಂಡು ಹೋಗು. ಲಾಡಿಯನ್ನು ನೀನು ದಿನವೂ ಕಟ್ಟುವ ಜಾಗದಲ್ಲೇ ಕಟ್ಟಿ ತೋರಿಸು, ನೆರಿಗೆ ಎಲ್ಲಿ ಸಿಕ್ಕಿಸುತ್ತೀಯೆಂದು ತೋರಿಸು. ಮಲಗಿಸಿ ಮಾತ್ರ ಗುರುತು ಹಾಕಿದರೆ ಸಾಲದು. ಊಟಕ್ಕೆ ಕುಳಿತ ಹಾಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೋ, ರಂಗೋಲಿ ಇಡುವ ಹಾಗೆ ಬಗ್ಗು, ಕರಿಹಲಗೆಯ ಮೇಲ್ತುದಿಗೆ ಕೈ ಎತ್ತು. ಬಗ್ಗಿದಾಗ ಹೊಟ್ಟೆಯಲ್ಲಿ ಮಡಿಕೆ ಎಲ್ಲಿ ಬೀಳುತ್ತದೆ ಎಂಬುದು ಆಗ ತಾನೇ ಕಾಣುತ್ತದೆ. ಗುರುತು ಮಡಿಕೆಯಲ್ಲಿ ಇರಬಾರದು, ಹೊಕ್ಕುಳಿಗೆ, ಹಳೆಯ ಗಾಯದ ಕಲೆಗೆ, ಸೊಂಟದ ಮೂಳೆಗೆ ತಾಗಬಾರದು, ಮತ್ತು ನಿನ್ನ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಚೀಲ ಬದಲಾಯಿಸಲು ಸದಾ ಇನ್ನೊಬ್ಬರ ಕೈ ಬೇಕಾಗುತ್ತದೆ. ಗಂಡಸರು ಓದುತ್ತಿದ್ದರೆ ಅವರಿಗೂ ಇದೇ ಮಾತು: ಪಂಚೆಯ ಗಂಟು, ಉಡಿದಾರ, ಬೆಲ್ಟು, ಎಲ್ಲವನ್ನೂ ದಾದಿಗೆ ತೋರಿಸಿ.

ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ನನ್ನದನ್ನು ಸರಿಯಾದ ಜಾಗಕ್ಕೆ ತಂದರು. ಒಳಗಿನ ಸಂಚಿ ಬೇಡ, ಚೀಲವೇ ಇರಲಿ ಎಂದು ಆಮೇಲೆ ನಾನೇ ತೀರ್ಮಾನಿಸಿದೆ. ಈಗ ನಾಲ್ಕು ವರ್ಷ. ಇಳಕಲ್ ಸೀರೆ ಉಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ.

ಶುಶ್ರೂಷಕಿ ಉಡುಪಿ | ಜನವರಿ 7

ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಮೇಡಂ, ನಿಮ್ಮ ಬರಹದಲ್ಲಿ ಮೂರು ಅಂಕಿಗಳು ನನ್ನ ಕಣ್ಣಿಗೆ ಬಿದ್ದವು: 25, 47, 8.4. ಈ ಆರು ವಾರದ ಕೆಲಸವೆಂದರೆ ಈ ಮೂರು ಅಂಕಿಗಳು.

ಪ್ರೆಡ್ನಿಸೊಲೋನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಮರೆತಿರುತ್ತವೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆದರೆ ಇನ್ನೊಂದು ಮಗ್ಗುಲೂ ಇದೆ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು, ಆರು ವಾರಕ್ಕಿಂತ ಜಾಸ್ತಿ ತೆಗೆದುಕೊಂಡವರಲ್ಲಿ ಗಾಯಕ್ಕೆ ಸೋಂಕು ತಗಲುವುದು, ಹೊಲಿದ ಜಾಗ ಬಿಟ್ಟುಕೊಳ್ಳುವುದು ಹೆಚ್ಚು. ಹಾಗಾಗಿ ಎಷ್ಟರಮಟ್ಟಿಗೆ ಸುರಕ್ಷಿತವಾಗಿ ಇಳಿಸಬಹುದು ಎಂದು ಕರುಳಿನ ವೈದ್ಯರನ್ನು ಈಗಲೇ ಕೇಳಿ. ನಿಮಗೆ ಮೂರು ಹಂತಗಳನ್ನು ಆರಿಸಿರುವುದಕ್ಕೂ ಬಹುಶಃ ಇದೇ ಕಾರಣ: ದೇಹ ಬಡವಾಗಿರುವಾಗ ಸಂಚಿ ಕಟ್ಟುವ ದೊಡ್ಡ ಹೊಲಿಗೆಗೆ ಕೈ ಹಾಕದೆ, ಮೊದಲು ಕಾಯಿಲೆ ಹಿಡಿದ ಕರುಳನ್ನು ತೆಗೆದು ನಿಮ್ಮನ್ನು ಚೇತರಿಸಿಕೊಳ್ಳಲು ಬಿಡುವುದು. ಇನ್‌ಫ್ಲಿಕ್ಸಿಮ್ಯಾಬ್‌ನ ಕೊನೆಯ ಡ್ರಿಪ್ ಯಾವ ದಿನ ಆಯಿತೆಂಬುದನ್ನೂ ಬರೆದಿಟ್ಟುಕೊಂಡು ಹೋಗಿ, ಶಸ್ತ್ರವೈದ್ಯರು ಕೇಳಿಯೇ ಕೇಳುತ್ತಾರೆ.

8.4 ಇಟ್ಟುಕೊಂಡು ಶಸ್ತ್ರಚಿಕಿತ್ಸೆಗೆ ಹೋಗುವುದು ಬೇಡ. ಕರುಳು ಉರಿಯುತ್ತಿರುವಾಗ ಕಬ್ಬಿಣದ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಹೊಟ್ಟೆಯನ್ನೂ ಕೆಡಿಸುತ್ತದೆ. ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಇದೆ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎನ್ನುತ್ತಾರೆ. ಒಂದು ಸಲಕ್ಕೆ 1000 ಮಿಲಿಗ್ರಾಂವರೆಗೂ ಕೊಡಬಹುದು, ಅದೇ ದಿನ ಮನೆಗೆ ಬರಬಹುದು. ಹಿಮೋಗ್ಲೋಬಿನ್ ಏರಲು ಎರಡರಿಂದ ನಾಲ್ಕು ವಾರ ಬೇಕು. ಅಂದರೆ ಕೇಳುವುದು ಈ ವಾರ, ಫೆಬ್ರವರಿಯಲ್ಲಿ ಅಲ್ಲ.

ಇನ್ನೊಂದು ಮಾತನ್ನು ನಮ್ಮವರು ಕಡೆಗಣಿಸುತ್ತಾರೆ. ಈ ಕಾಯಿಲೆ ಉಲ್ಬಣಿಸಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ದೊಡ್ಡ ಅಪಾಯ. ಅದಕ್ಕೇ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಗುಂಪಿನ ಚುಚ್ಚುಮದ್ದು ಕೊಡುತ್ತಾರೆ, ಮನೆಗೆ ಹೋದ ಮೇಲೂ ಕೆಲವರಿಗೆ ನಾಲ್ಕು ವಾರದವರೆಗೆ ಮುಂದುವರಿಸುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಮೀನಖಂಡದಲ್ಲಿ ಒಂದೇ ಕಡೆ ನೋವು, ಊತ ಬಂದರೆ ಕಾಯಬೇಡಿ. ತಲೆನೋವಿಗೋ ಮೈಕೈ ನೋವಿಗೋ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಿಸಿಕೊಂಡು ನುಂಗಬೇಡಿ, ಕರುಳಿನ ಹುಣ್ಣು ಕೆರಳುತ್ತದೆ.

ಅಡಿಕೆ ಹಾಳೆ | ಜನವರಿ 7

ಯಾರೂ ಬೇಸರ ಮಾಡಿಕೊಳ್ಳಬಾರದು. ನಾನು ಸಾಗರದ ಕಡೆಯವನು, ವಯಸ್ಸು 66. ನನ್ನ ಅಣ್ಣನ ಮಗನಿಗೂ ಹೀಗೇ ರಕ್ತಭೇದಿ ಇತ್ತು. ನಾಟಿ ಔಷಧಿ ಮತ್ತು ಮಜ್ಜಿಗೆ ಅನ್ನದ ಪಥ್ಯದಲ್ಲಿ ಒಂದು ವರ್ಷ ಚೆನ್ನಾಗಿದ್ದಾನೆ. ಇಷ್ಟು ಚಿಕ್ಕ ವಯಸ್ಸಿನ ಹೆಣ್ಣುಮಗಳು ಇಡೀ ಕರುಳನ್ನೇ ಕಳೆದುಕೊಳ್ಳುವುದೆಂದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ವರ್ಷ ನೋಡಬಾರದೇ?

ಹೇಮಾವತಿ ತೀರ | ಜನವರಿ 7

ಹಿರಿಯರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈ "ಇನ್ನೊಂದು ವರ್ಷ ನೋಡೋಣ" ಎಂಬ ಮಾತೇ ನನ್ನನ್ನು ಆಂಬುಲೆನ್ಸಿನಲ್ಲಿ ಮಲಗಿಸಿತು. ಈ ಕಾಯಿಲೆ ತಾನಾಗಿಯೇ ತಣ್ಣಗಾಗುವುದೂ ಉಂಟು, ಮತ್ತೆ ಕೆರಳುವುದೂ ಉಂಟು. ತಣ್ಣಗಾದ ಕಾಲದಲ್ಲಿ ಯಾವ ಔಷಧಿ ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ. ನಿಮ್ಮ ಹುಡುಗ ಚೆನ್ನಾಗಿರಲಿ, ಆದರೆ ಅವನಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ತಪ್ಪಿಸಬೇಡಿ. ಕಾಯಿಲೆಗೆ ಎಂಟು ವರ್ಷ ತುಂಬಿದ ಮೇಲೆ ದೊಡ್ಡ ಕರುಳಿನ ಕ್ಯಾನ್ಸರ್‌ಗಾಗಿ ಕಣ್ಣಿಡಬೇಕೆಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಈ ತಂಗಿಯ ಕರುಳು ಔಷಧಿಗೆ ಓಗೊಡುವುದನ್ನು ಬಿಟ್ಟಿದೆ. ದಿನಕ್ಕೆ ಹತ್ತು ಸಲ ರಕ್ತ ಹೋಗುವ ಕರುಳು ಉಬ್ಬಿ, ತೂತಾಗಿ, ತುರ್ತಿನಲ್ಲಿ ಕತ್ತರಿಸಬೇಕಾಗಿ ಬಂದರೆ ಸಾವಿನ ಅಪಾಯ ಎಷ್ಟೋ ಪಾಲು ಹೆಚ್ಚು. ದಿನ ನೋಡಿ, ದೇಹ ಕಟ್ಟಿಕೊಂಡು, ಗುರುತು ಹಾಕಿಸಿಕೊಂಡು ಹೋಗುವ ಅವಕಾಶ ಅವಳಿಗೆ ಸಿಕ್ಕಿದೆ. ಆ ಅವಕಾಶ ನನಗೆ ಸಿಕ್ಕಿತ್ತು, ನಾನು ಬಿಟ್ಟುಕೊಟ್ಟೆ. ಅದಕ್ಕೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಡಿಕೆ ಹಾಳೆ | ಜನವರಿ 8

ಕ್ಷಮೆ ಏಕೆ ತಾಯೀ. ಹುಡುಗನಿಗೆ ಏಳು ವರ್ಷವಾಯಿತು ಈ ಕಾಯಿಲೆ. ಕೊಲೊನೋಸ್ಕೋಪಿ ಮಾಡಿಸಿ ನಾಲ್ಕು ವರ್ಷವಾಗಿರಬೇಕು. ಅಣ್ಣನಿಗೆ ಇವತ್ತೇ ಹೇಳುತ್ತೇನೆ.

ಗೋಕಾಕ ಕರದಂಟು | ಜನವರಿ 8

ಅಕ್ಕಾ, ನನ್ನದು ಕ್ರೋನ್ಸ್, ಸಣ್ಣ ಕರುಳಿಗೂ ಬರುವ ಇದೇ ಬಗೆಯ ಉರಿಯೂತದ ಕಾಯಿಲೆ. ವಯಸ್ಸು 26. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಕಿರಿದಾಗಿತ್ತು. ಊಟ ಮಾಡಿದ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತಿತ್ತು, ಗುಡುಗುತ್ತಿತ್ತು, ವಾಂತಿಯಾದರೆ ಸಮಾಧಾನ. ಮೊದಲು ಕರುಳಿನ ಕ್ಷಯವೆಂದು ತಿಳಿದು ಆರು ತಿಂಗಳು ಟಿಬಿ ಮಾತ್ರೆ ಕೊಟ್ಟರು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಎರಡೂ ಕಾಯಿಲೆ ಅದೇ ಮೂಲೆಯಲ್ಲಿ ಕೂರುತ್ತವೆ, ತುಣುಕು ತೆಗೆದು ನೋಡಿದರೂ ಎಷ್ಟೋ ಸಲ ಬೇರೆ ಮಾಡಿ ಹೇಳಲು ಆಗುವುದಿಲ್ಲ, ನಮ್ಮ ದೇಶದಲ್ಲಿ ಟಿಬಿಯೇ ಹೆಚ್ಚು. ಆದರೆ ಆ ಆರು ತಿಂಗಳಲ್ಲಿ ನಾನು 44 ಕೆಜಿಗೆ ಇಳಿದೆ.

ನಿಮ್ಮ ಎರಡನೆಯ ಅಂಕಿಯ ಬಗ್ಗೆ, ಅಂದರೆ ತೂಕದ ಬಗ್ಗೆ, ನನ್ನ ಅನುಭವ ಹೇಳಬೇಕು. ನನ್ನ ಶಸ್ತ್ರವೈದ್ಯರು "ಈ ಮೈಯಲ್ಲಿ ಹೊಲಿಗೆ ಹಿಡಿಯುವುದಿಲ್ಲ, ಮೊದಲು ಮೈ ಕಟ್ಟಿಕೊಂಡು ಬಾ" ಎಂದು ಆರು ವಾರ ವಾಪಸ್ ಕಳುಹಿಸಿದರು. ಆ ಆರು ವಾರ ಅನ್ನವಿಲ್ಲ, ರೊಟ್ಟಿಯಿಲ್ಲ. ಬರೀ ಪೋಷಕಾಂಶದ ಪುಡಿಯನ್ನು ನೀರಿನಲ್ಲಿ ಕಲಸಿದ ಪಾನೀಯ, ದಿನಕ್ಕೆ ಎಂಟು ಲೋಟ. ಕ್ರೋನ್ಸ್‌ನಲ್ಲಿ ಇದು ಬರೀ ಪೋಷಣೆಯಲ್ಲ, ಕರುಳಿನ ಉರಿಯನ್ನೂ ಇಳಿಸುತ್ತದೆ, ಸ್ಟಿರಾಯ್ಡ್ ಇಲ್ಲದೆಯೇ. ಮೊದಲ ವಾರ ನರಕ. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದೆ. ಅವ್ವ ನನ್ನೆದುರು ಊಟ ಮಾಡುವುದನ್ನೇ ಬಿಟ್ಟಳು. ಎರಡನೆಯ ವಾರದಿಂದ ನೋವು ಕಡಿಮೆಯಾಯಿತು. ಆರನೆಯ ವಾರಕ್ಕೆ 49 ಕೆಜಿ. ತಣ್ಣಗೆ ಮಾಡಿ, ಮುಚ್ಚಳದ ಲೋಟದಲ್ಲಿ ಹಾಕಿ, ನಳಿಗೆಯಿಂದ ಹೀರಿದರೆ ವಾಸನೆ ಅಷ್ಟು ಗೊತ್ತಾಗುವುದಿಲ್ಲ.

ನಿಮ್ಮದು ಕೊಲೈಟಿಸ್, ಬರೀ ಪಾನೀಯದ ಈ ಪಥ್ಯ ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಆಹಾರ ತಜ್ಞರನ್ನು ಭೇಟಿ ಮಾಡಿ, ಊಟದ ಜೊತೆಗೆ ಅಂಥ ಪುಡಿ ಸೇರಿಸಬಹುದೇ ಎಂದು ಕೇಳಿ. ನನಗೆ ಒಂದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಎಂದು ಲೆಕ್ಕ ಕೊಟ್ಟಿದ್ದರು. ನಿಮ್ಮ ತೂಕಕ್ಕೆ ಸುಮಾರು 56ರಿಂದ 70 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 8. ಲೆಕ್ಕದ ಟೀಚರ್ ನೀವು, ನಿಮಗೆ ನಾನು ಹೇಳುವುದೇ!

ಇನ್ನೊಂದು ವಿಷಯ ನನ್ನಂಥ ಕ್ರೋನ್ಸ್ ಹುಡುಗರಿಗೆ. ಬೀಡಿ ಸಿಗರೇಟು ಇಂದೇ ಬಿಡಿ. ಸೇದುವವರಲ್ಲಿ ಹೊಲಿದ ಜಾಗದಲ್ಲೇ ಕಾಯಿಲೆ ಮರಳುವುದು ಹೆಚ್ಚು. ಆರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ನೋಡುತ್ತಾರೆ, ಅದನ್ನು ತಪ್ಪಿಸಬೇಡಿ. ಸಣ್ಣ ಕರುಳಿನ ಕೊನೆಯ ಭಾಗ ಹೋದವರಿಗೆ ಬಿ12 ಹೀರಿಕೆಯಾಗದೆ ಚುಚ್ಚುಮದ್ದು ಬೇಕಾಗಬಹುದು, ರಕ್ತ ಪರೀಕ್ಷೆ ಮಾಡಿಸುತ್ತಿರಿ.

ತೆಂಗಿನತೋಟ | ಜನವರಿ 10

ಮೂರು ದಿನ ಓದಿ ಓದಿ ಇಟ್ಟೆ. ಇವತ್ತು ಬರೆಯುವ ಧೈರ್ಯ ಬಂತು. ನಿನ್ನೆ ಕರುಳಿನ ವೈದ್ಯರಿಗೆ ಫೋನ್ ಮಾಡಿ ಕಬ್ಬಿಣದ ಡ್ರಿಪ್ ಬಗ್ಗೆ ಕೇಳಿದೆ. ಸೋಮವಾರ ಬನ್ನಿ ಎಂದಿದ್ದಾರೆ. ಪ್ರೆಡ್ನಿಸೊಲೋನ್ ಅನ್ನು ವಾರಕ್ಕೆ 2.5 ಮಿಲಿಗ್ರಾಂನಂತೆ ಇಳಿಸಿ ನೋಡೋಣ, ರಕ್ತ ಹೆಚ್ಚಾದರೆ ತಕ್ಷಣ ತಿಳಿಸಿ ಎಂದರು.

ಅಂತರ್ಜಾಲದಲ್ಲಿ ಸ್ಟೋಮಾದ ಚಿತ್ರ ನೋಡಿ ಹೆದರಿದೆ. ಅದು ಹೊಟ್ಟೆಯಿಂದ ಹೊರಗೆ ಚಾಚಿಕೊಂಡೇ ಇರಬೇಕೇ? ಮಟ್ಟಸವಾಗಿ ಮಾಡಲು ಆಗುವುದಿಲ್ಲವೇ? ಮತ್ತು ನಮಗೆ ಇನ್ನೂ ಮಕ್ಕಳಾಗಿಲ್ಲ. ಇದನ್ನು ಯಾರೂ ಪ್ರಸ್ತಾಪಿಸಲಿಲ್ಲ, ನನಗೂ ಕೇಳಲು ನಾಲಿಗೆ ಏಳಲಿಲ್ಲ.

ಲೀಡ್ಸ್‌ನಿಂದ ದಾವಣಗೆರೆ | ಜನವರಿ 11

ನಾನು ಇಂಗ್ಲೆಂಡಿನಲ್ಲಿ ಅರಿವಳಿಕೆ ವೈದ್ಯ, ಹುಟ್ಟೂರು ದಾವಣಗೆರೆ. ನಿಮ್ಮ ಆಸ್ಪತ್ರೆಯ ವೈದ್ಯರ ಮಾತೇ ಅಂತಿಮ ಎಂಬುದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಚಾಚಿಕೊಂಡಿರಬೇಕು, ಅದು ನಿಮ್ಮ ಒಳಿತಿಗೇ. ಮೊದಲು ಸಣ್ಣ ಕರುಳನ್ನು ಮಟ್ಟಸವಾಗಿಯೇ ಹೊರಗೆ ತರುತ್ತಿದ್ದರು. ಸಣ್ಣ ಕರುಳಿನಿಂದ ಬರುವ ದ್ರವದಲ್ಲಿ ಜೀರ್ಣರಸಗಳಿರುತ್ತವೆ, ಅವು ಸುತ್ತಲಿನ ಚರ್ಮವನ್ನೇ ಸುಡುತ್ತಿದ್ದವು. 1952ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಬ್ರಯಾನ್ ಬ್ರೂಕ್ ಕರುಳಿನ ತುದಿಯನ್ನು ಅಂಗಿಯ ತೋಳಿನ ಪಟ್ಟಿ ಮಡಚುವ ಹಾಗೆ ಹೊರಕ್ಕೆ ಮಡಚಿ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ಆ ಸಣ್ಣ ಮೂತಿಯಿಂದ ದ್ರವ ನೇರವಾಗಿ ಚೀಲಕ್ಕೆ ಬೀಳುತ್ತದೆ, ಚರ್ಮಕ್ಕೆ ತಾಗುವುದಿಲ್ಲ. ನೋಡಲು ಬಾಯಿಯ ಒಳಗೆನ್ನೆಯಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಒಳಗೆ ಸಂಚಿ ಕಟ್ಟುವ ಶಸ್ತ್ರಚಿಕಿತ್ಸೆ ಬಂದದ್ದು ಆಮೇಲೆ: 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ವಿವರಿಸಿದರು, 1980ರಲ್ಲಿ ಜಪಾನಿನ ಉತ್ಸುನೋಮಿಯಾ ಅದಕ್ಕೆ ಇಂಗ್ಲಿಷಿನ ಜೆ ಅಕ್ಷರದ ಆಕಾರ ಕೊಟ್ಟರು. ಸಂಚಿ ಒಗ್ಗಿದ ಮೇಲೂ ದಿನಕ್ಕೆ ನಾಲ್ಕರಿಂದ ಎಂಟು ಸಲ ಹೋಗಬೇಕಾಗುತ್ತದೆ, ಆದರೆ ಈಗಿನ ಹಾಗೆ ಓಡಬೇಕಾಗಿಲ್ಲ.

ಮಕ್ಕಳ ವಿಷಯ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಸಂಚಿ ಕಟ್ಟುವಾಗ ಕಿಬ್ಬೊಟ್ಟೆಯ ಆಳದಲ್ಲಿ, ಗರ್ಭಕೋಶದ ಹಿಂದೆ ಕೆಲಸ ಮಾಡಬೇಕು. ಅಲ್ಲಿ ಅಂಟುಗಳಾಗಿ ಗರ್ಭನಾಳಗಳಿಗೆ ತೊಂದರೆಯಾಗಬಹುದು. ಹಾಗಾಗಿ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಈ ಅಪಾಯ ಕಡಿಮೆ. ಮೊದಲ ಹಂತದಲ್ಲಿ ಆ ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮೊದಲ ಹಂತ ಮುಗಿಸಿ, ಚೀಲ ಇಟ್ಟುಕೊಂಡೇ ಮಗುವನ್ನು ಹೆತ್ತು, ಆಮೇಲೆ ಎರಡನೆಯ ಹಂತಕ್ಕೆ ಬರುವ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ಯಜಮಾನರ ಜೊತೆ ಕುಳಿತು ಶಸ್ತ್ರವೈದ್ಯರನ್ನು ಫೆಬ್ರವರಿಗೆ ಮುಂಚೆಯೇ ಕೇಳಿ.

ಇನ್ನು ನನ್ನ ಕೆಲಸದ ಮಾತು. ಅರಿವಳಿಕೆ ವೈದ್ಯರು ನಿಮ್ಮನ್ನು ನೋಡಲು ಬಂದಾಗ, ಅವರು ಕೇಳುವ ಮೊದಲೇ, ಕಳೆದ ಒಂದು ವರ್ಷದಲ್ಲಿ ಎಷ್ಟು ಸ್ಟಿರಾಯ್ಡ್, ಎಷ್ಟು ದಿನ ಎಂದು ಬರೆದ ಚೀಟಿ ಕೊಡಿ. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ದೇಹ ತಾನೇ ಸುರಿಸಬೇಕಾದ ಹಾರ್ಮೋನನ್ನು ನಿಮ್ಮ ದೇಹ ಸುರಿಸಲಾರದು. ಆ ದಿನ ಹೈಡ್ರೋಕಾರ್ಟಿಸೋನ್ ಅನ್ನು ರಕ್ತನಾಳದಿಂದ ಕೊಡುತ್ತೇವೆ. ನಾಟಿ ಔಷಧಿ, ಕಷಾಯ, ಲೇಹ್ಯ ಏನೇ ಇರಲಿ ಹೇಳಿ, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಉಪವಾಸದ ಬಗ್ಗೆಯೂ ಸರಿಯಾಗಿ ಕೇಳಿಕೊಳ್ಳಿ. ಹಿಂದಿನ ರಾತ್ರಿಯಿಂದ ಹನಿ ನೀರೂ ಬೇಡ ಎನ್ನುವುದು ಹಳೆಯ ಪದ್ಧತಿ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ ಆರು ಗಂಟೆ, ತಿಳಿ ನೀರಿಗೆ ಎರಡು ಗಂಟೆ ಸಾಕು.

ಮೂರು ಬಣ್ಣದ ಚೆಂಡುಗಳಿರುವ ಉಸಿರಿನ ಉಪಕರಣವನ್ನು ಈಗಲೇ ಕೊಂಡು ದಿನವೂ ಹೀರಿ ಅಭ್ಯಾಸ ಮಾಡಿ. ಹೊಲಿಗೆಯ ನೋವಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಮಲಗಿದಲ್ಲಿಂದ ಪಕ್ಕಕ್ಕೆ ಹೊರಳಿ, ಕೈ ಊರಿ ಏಳುವುದನ್ನೂ ಅಭ್ಯಾಸ ಮಾಡಿ. ಮರುದಿನವೇ ನಿಮ್ಮನ್ನು ನಡೆಸುತ್ತಾರೆ.

ಶುಶ್ರೂಷಕಿ ಉಡುಪಿ | ಜನವರಿ 11

ಕೆಮ್ಮುವಾಗ ಹೊಟ್ಟೆಗೆ ಒತ್ತಿ ಹಿಡಿಯಲು ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗಿ. ಡಾಕ್ಟರು ಹೇಳಿದ್ದಕ್ಕೆ ಇಷ್ಟನ್ನೇ ಸೇರಿಸುತ್ತೇನೆ.

ನಿವೃತ್ತ ಗುಮಾಸ್ತ ಮಂಡ್ಯ | ಜನವರಿ 13

ನನ್ನ ಮಗನಿಗೆ ಎರಡು ವರ್ಷದ ಹಿಂದೆ ಇದೇ ಶಸ್ತ್ರಚಿಕಿತ್ಸೆ ಆಯಿತು. ವೈದ್ಯಕೀಯ ನನಗೆ ತಿಳಿಯದು, ಕಾಗದಪತ್ರ ತಿಳಿಯುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ನಾವು ಆ ಪತ್ರವಿಲ್ಲದೆ ದಾಖಲಾಗಿ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಹನ್ನೊಂದು ದಿನ ಅಲೆದೆವು. ಮಗ ಒಳಗೆ ಮಲಗಿದ್ದ, ನಾನು ಹೊರಗೆ ಸಾಲಿನಲ್ಲಿ ನಿಂತಿದ್ದೆ. ನೀವು ಈ ವಾರವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಂಡು ಯಾವ ಯಾವ ಕಾಗದ ಬೇಕೆಂದು ಕೇಳಿ. ಮೂರೂ ಹಂತಕ್ಕೆ ಬೇರೆ ಬೇರೆ ಅನುಮತಿ ಬೇಕೇ, ತಿಂಗಳು ತಿಂಗಳು ಬೇಕಾಗುವ ಚೀಲದ ಖರ್ಚು ಯಾರದು ಎಂಬುದನ್ನೂ ಕೇಳಿ. ರಕ್ತ ಬೇಕಾದರೆ ಬದಲಿ ರಕ್ತದಾನಿಗಳನ್ನು ಕರೆತರಲು ಹೇಳುವುದುಂಟು, ನಿಮ್ಮ ಶಾಲೆಯ ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಮೊದಲೇ ಹೇಳಿಟ್ಟಿರಿ. ಓಡಾಟವನ್ನೆಲ್ಲ ಗಂಡನ ಮೇಲೆ ಹಾಕಬೇಡಿ. ಅವರು ನಿಮ್ಮ ಹತ್ತಿರ ಇರಬೇಕು. ಓಡಾಡಲು ಬೇರೊಬ್ಬರು ಇರಲಿ.

ತೆಂಗಿನತೋಟ | ಜನವರಿ 31

ಮೂರು ವಾರ ಬರೆಯಲಾಗಲಿಲ್ಲ. ಕಬ್ಬಿಣದ ಡ್ರಿಪ್ ಎರಡು ಸಲ ಆಯಿತು, ಹಿಮೋಗ್ಲೋಬಿನ್ 10.1. ತೂಕ 48.5. ಪ್ರೆಡ್ನಿಸೊಲೋನ್ 20ಕ್ಕೆ ಇಳಿದಿದೆ, ಅದಕ್ಕಿಂತ ಕೆಳಗೆ ಹೋದರೆ ರಕ್ತ ಹೆಚ್ಚಾಗುತ್ತಿದೆ, ಇಲ್ಲಿಗೇ ನಿಲ್ಲಿಸಿ ಎಂದರು. ಬಯಸಿದಷ್ಟು ಆಗಲಿಲ್ಲ. ಆದರೂ ಜನವರಿ 6ರ ನಾನು ಈಗಿಲ್ಲ. ಮಕ್ಕಳ ಬಗ್ಗೆ ಶಸ್ತ್ರವೈದ್ಯರನ್ನು ಕೇಳಿದೆವು. ಎರಡನೆಯ ಹಂತಕ್ಕೆ ಅವಸರವಿಲ್ಲ, ಮೊದಲು ಚೇತರಿಸಿಕೊಳ್ಳಿ, ಆಮೇಲೆ ನಿಮ್ಮ ತೀರ್ಮಾನ ಎಂದರು. ಆ ಮಾತು ಕೇಳಿ ಹೊರಬಂದು ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆವು.

ಮೊನ್ನೆ ಸ್ಟೋಮಾ ದಾದಿಯ ಭೇಟಿಗೆ ಹಸಿರು ಹತ್ತಿ ಸೀರೆ ಉಟ್ಟು ಹೋದೆ. ನೆಲದ ಮೇಲೆ ಕುಳಿತು ತೋರಿಸುತ್ತೇನೆ ಎಂದಾಗ ಅವರಿಗೆ ಆಶ್ಚರ್ಯವಾಯಿತು. ಮಲಗಿದ್ದಾಗ ಹಾಕಿದ್ದ ಗುರುತು ಬಗ್ಗಿದಾಗ ಮಡಿಕೆಯೊಳಗೆ ಮಾಯವಾಯಿತು! ಎರಡು ಬೆರಳು ಮೇಲಕ್ಕೆ ಸರಿಸಿ ಹೊಸ ಗುರುತು ಹಾಕಿದರು. ಖಾಲಿ ಚೀಲವೊಂದಕ್ಕೆ ಸ್ವಲ್ಪ ನೀರು ತುಂಬಿ ಅಲ್ಲೇ ಅಂಟಿಸಿ ಕಳುಹಿಸಿದರು, ಒಂದು ದಿನ ಇಟ್ಟುಕೊಂಡು ನೋಡಿ ಎಂದು. ಅದನ್ನು ಇಟ್ಟುಕೊಂಡೇ ಎಂಟನೆಯ ತರಗತಿಗೆ ಬೀಜಗಣಿತ ಮಾಡಿದೆ.

ಅದೇ ರಾತ್ರಿ ಅತ್ತೆಯವರಿಗೆ ತೋರಿಸಿ ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಎದ್ದು ಒಳಗೆ ಹೋದರು. ನಾನು ಅಳುತ್ತ ಮಲಗಿದೆ. ಬೆಳಿಗ್ಗೆ ನೋಡಿದರೆ ತಮ್ಮ ಹಳೆಯ ಮೆತ್ತನೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ಆ ಚೀಲದ ಅಳತೆಗೆ ಗವಸು ಹೊಲಿಯುತ್ತಿದ್ದರು. "ಬೇಸಿಗೆಗೆ ಪ್ಲಾಸ್ಟಿಕ್ಕು ಮೈಗೆ ಅಂಟುತ್ತದೆ" ಎಂದರು, ಅಷ್ಟೇ. ದೇವರ ಮನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಹೇಮಾವತಿ ತೀರ | ಜನವರಿ 31

ಗವಸು ಆರು ಹೊಲಿಯಲಿ, ಒಗೆದು ಒಣಗಿಸಲು ಬೇಕಾಗುತ್ತವೆ. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. "ಎಲ್ಲರ ಹೊಟ್ಟೆಯಲ್ಲೂ ಇರುವುದೇ, ಇವಳದು ಚರ್ಮದ ಈಚೆ ಇದೆ, ನಮ್ಮದು ಆಚೆ ಇದೆ" ಎಂದು ನಮ್ಮ ಅಜ್ಜಿ ಹೇಳಿದರು. ಸ್ನಾನ ಮಾಡಿ, ಚೀಲ ಬದಲಾಯಿಸಿ ದೀಪ ಹಚ್ಚುತ್ತೇನೆ.

ಆಸ್ಪತ್ರೆಗೆ ಹೋಗುವ ಮುನ್ನ ಅಡುಗೆಮನೆಯ ವಿಷಯವನ್ನೂ ಅತ್ತೆಯವರಿಗೆ ಹೇಳಿಡು. ನಿಮ್ಮದು ತೆಂಗಿನ ಸೀಮೆ, ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಆರರಿಂದ ಎಂಟು ವಾರ ಕೊಬ್ಬರಿ, ತೆಂಗಿನಕಾಯಿ ಚೂರು, ಕಡಲೆಕಾಯಿ, ಜೋಳದ ತೆನೆ, ಅಣಬೆ, ನುಗ್ಗೆಕಾಯಿಯ ನಾರು, ಅನಾನಸ್ ಬೇಡ. ಊದಿಕೊಂಡ ಸ್ಟೋಮಾದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಮೆತ್ತನೆಯ ಅನ್ನ, ತಿಳಿಸಾರು, ಬಾಳೆಹಣ್ಣು, ಉಪ್ಪು ಹಾಕಿದ ಗಂಜಿ ಸಾಕು. ಏನನ್ನೇ ಆಗಲಿ ನುಣ್ಣಗೆ ಅಗಿದು ನುಂಗು.

ಇನ್ನೊಂದು ಮಾತು, ಎಳನೀರು ಕುಡಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ದೊಡ್ಡ ಕರುಳಿಲ್ಲದವರು ಕಳೆದುಕೊಳ್ಳುವುದು ಮುಖ್ಯವಾಗಿ ಉಪ್ಪು ಮತ್ತು ನೀರು. ಬರೀ ನೀರು ಕುಡಿದಷ್ಟೂ ಚೀಲ ಇನ್ನಷ್ಟು ತುಂಬುತ್ತದೆ, ಮೈ ಒಣಗುತ್ತದೆ. ಓಆರ್‌ಎಸ್ ಮನೆಯಲ್ಲಿ ಇರಲಿ.

ಲೀಡ್ಸ್‌ನಿಂದ ದಾವಣಗೆರೆ | ಫೆಬ್ರವರಿ 1

ಹೇಮಾವತಿಯವರ ಮಾತು ನೂರಕ್ಕೆ ನೂರು ಸರಿ. ಚೀಲಕ್ಕೆ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ ಹೋದರೆ, ಮೂತ್ರ ಕಡಿಮೆಯಾಗಿ ಕಡುಹಳದಿ ಬಣ್ಣಕ್ಕೆ ತಿರುಗಿದರೆ, ತಲೆ ಸುತ್ತಿದರೆ ಆಸ್ಪತ್ರೆಗೆ ಫೋನ್ ಮಾಡಿ. ನಮ್ಮಲ್ಲಿ ಅಂಥವರಿಗೆ ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಗುಟುಕು ಗುಟುಕಾಗಿ ಕುಡಿಯಲು ಹೇಳುತ್ತೇವೆ. ಅದನ್ನು ಎಷ್ಟು ಕುಡಿಯಬೇಕೆಂದು ನಿಮ್ಮ ವೈದ್ಯರು ಹೇಳಲಿ. ಚೀಲದಲ್ಲಿ ಏನೂ ಬಾರದೆ, ಹೊಟ್ಟೆ ಹಿಂಡಿ ವಾಂತಿಯಾದರೆ ಅದು ಅಡಚಣೆ, ಮನೆಯಲ್ಲಿ ಕಾಯಬೇಡಿ. ಇನ್ನು, ನಿಧಾನವಾಗಿ ಕರಗುವ ಮಾತ್ರೆಗಳು ಇಡಿಯಾಗಿಯೇ ಚೀಲಕ್ಕೆ ಬಂದುಬಿಡಬಹುದು. ಕಂಡರೆ ತಿಳಿಸಿ, ಬೇರೆ ರೂಪದಲ್ಲಿ ಕೊಡುತ್ತಾರೆ.

ಗೋಕಾಕ ಕರದಂಟು | ಫೆಬ್ರವರಿ 16

ಅಕ್ಕಾ, ನಾಳೆ ಅಲ್ಲವೇ. ಮೊಬೈಲ್ ಚಾರ್ಜರಿನ ತಂತಿ ಉದ್ದದ್ದು ತೆಗೆದುಕೊಂಡು ಹೋಗಿ, ಪ್ಲಗ್ ಸದಾ ಮಂಚದ ಹಿಂದೆಯೇ ಇರುತ್ತದೆ. ಅವ್ವ ಬೆಳಿಗ್ಗೆ ಎಲ್ಲಮ್ಮನಿಗೆ ದೀಪ ಹಚ್ಚುತ್ತೇನೆ ಎಂದಿದ್ದಾಳೆ. ನಿಮ್ಮ ಹೆಸರು ಕೇಳಿದಳು. ಗಣಿತದ ಟೀಚರ್ ಎಂದೆ.

ತೆಂಗಿನತೋಟ | ಫೆಬ್ರವರಿ 24

ಏಳನೆಯ ದಿನ. ನಾಲ್ಕು ಸಣ್ಣ ತೂತುಗಳಲ್ಲೇ ಮುಗಿಯಿತು. ಸ್ಟೋಮಾ ಗುರುತಿನ ಮೇಲೆಯೇ ಇದೆ, ಲಾಡಿಗಿಂತ ಮೇಲೆ. ಮೊದಲ ಎರಡು ದಿನ ಕಷ್ಟ ಹೇಳತೀರದು. ಮೂರನೆಯ ದಿನ ಚೀಲಕ್ಕೆ ಗಾಳಿ ಬಂತು, ವಾರ್ಡಿನ ದಾದಿ ಚಪ್ಪಾಳೆ ತಟ್ಟಿದರು. ನಿನ್ನೆ ರಾತ್ರಿ ಆರು ಗಂಟೆ ಒಂದೇ ಸಮನೆ ಮಲಗಿದ್ದೆ. ಐದು ತಿಂಗಳಿಂದ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ನಿದ್ದೆ ಮಾಡಿರಲಿಲ್ಲ.

ಒಂದು ಪ್ರಶ್ನೆ. ಚೀಲದ ಅಂಟುಹಾಳೆಯಲ್ಲಿ ರಂಧ್ರವನ್ನು ಕತ್ತರಿಯಿಂದ ನಾನೇ ಕತ್ತರಿಸಿದೆ. ಸ್ಟೋಮಾಕ್ಕೆ ಸರಿಯಾಗಿ ಅಂಟಿಕೊಂಡಂತೆ ಕತ್ತರಿಸಬೇಕೇ, ಸಡಿಲ ಬಿಡಬೇಕೇ? ಎಡಬದಿಯ ಚರ್ಮ ಸ್ವಲ್ಪ ಕೆಂಪಾಗಿದೆ.

ಹೇಮಾವತಿ ತೀರ | ಫೆಬ್ರವರಿ 24

ಎರಡು ಮೂರು ಮಿಲಿಮೀಟರ್ ಮಾತ್ರ ಸಡಿಲ ಇರಲಿ. ಹೆಚ್ಚು ಬಿಟ್ಟರೆ ದ್ರವ ತಾಗಿ ಚರ್ಮ ಕೆಂಪಾಗುತ್ತದೆ, ನಿನಗೆ ಆಗಿರುವುದು ಅದೇ ಇರಬೇಕು. ಇನ್ನು ಆರೆಂಟು ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ, ಪ್ರತಿ ವಾರ ಅಳತೆ ತೆಗೆದುಕೋ. ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ಬದಲಾಯಿಸು, ಆಗ ಅದು ಸುಮ್ಮನಿರುತ್ತದೆ. ಕೆಂಪಾದ ಜಾಗವನ್ನು ನಾಳೆ ದಾದಿಗೆ ತೋರಿಸು. ಗವಸು ಯಾವ ಬಣ್ಣದ್ದು?

ತೆಂಗಿನತೋಟ | ಫೆಬ್ರವರಿ 24

ಅರಿಶಿನ, ಕೆಂಪು ಅಂಚು. ಅತ್ತೆಯವರ ಮದುವೆಯ ಮರುವರ್ಷದ ಗೌರಿ ಹಬ್ಬದ ಸೀರೆಯಂತೆ.